ಗುಬ್ಬಚ್ಚಿಯೊಳಗಿನ ವೃತ್ತಗಳು

ಕ್ಯೋಟೊ,
ನವೆಂಬರ್ ೯

ನನ್ನ ಚಿಜುರು,

ಅಮ್ಮನ ಪ್ರೀತಿ, ಹಾರೈಕೆ. ಕನಜಾವಾದಲ್ಲಿ ಆಗಲೇ ಚಳಿ ಜೋರಂತೆ, ದಪ್ಪ ಕಾಲುಚೀಲ ಹಾಕಿಕೋ. ಹೀಗೇ ಶುರುಮಾಡಿ ಎರಡು ಮೂರು ಸಲ ಹರಿದು ಹಾಕಿದೆ. ಇನ್ನು ನೇರವಾಗಿ ಹೇಳಿಬಿಡುತ್ತೇನೆ: ನಾನು ನಿನಗೆ ಮೋಸ ಮಾಡಿದ್ದೇನೆ.

ಅಲ್ಲಿ ನಿನ್ನದೇ ಹೊಸ ಅಂಗಡಿ ತೆರೆದ ಮೇಲೆ ನೀನು ಫೋನ್ ಮಾಡಿ, "ಅಮ್ಮಾ, ನಮ್ ಗುಬ್ಬಚ್ಚಿ ಚಿಹ್ನೆ ಕಳ್ಸು. ನಾನ್ ಚಿತ್ರ ಬರಿಯೋ ಪ್ರೋಗ್ರಾಮ್ ಬೇರೆ, ನಿಂದು ಬೇರೆ, ಎರಡಕ್ಕೂ ಅರ್ಥ ಆಗೋ ಥರ ಫೈಲ್ ಮಾಡು. ವೃತ್ತಗಳು ಮಾತ್ರ ಬಿಡಿಬಿಡಿಯಾಗೇ ಇರ್ಲಿ" ಎಂದೆ. ಕಿಮೋನೊ ಮೇಲೆ ಹಾಕುವ ಮನೆತನದ ಚಿಹ್ನೆ ಬರೆಯುವ ನಮಗೆ ವೃತ್ತವೇ ಎಲ್ಲ. ನಿನ್ನಪ್ಪ ಕೈವಾರ ಹಿಡಿದು ಬರೆದರೂ ಅಷ್ಟೇ, ನಾನು ಕಂಪ್ಯೂಟರಿನಲ್ಲಿ ಬರೆದರೂ ಅಷ್ಟೇ. ಕೊಕ್ಕು, ಬೆನ್ನು, ರೆಕ್ಕೆ, ಒಂದೊಂದು ಗೆರೆಯೂ ಯಾವುದೋ ವೃತ್ತದ ತುಣುಕು. ಎಲ್ಲವನ್ನೂ ಬೆಸೆದುಬಿಟ್ಟರೆ ಉಳಿಯುವುದು ಬರೀ ಕಪ್ಪು ಆಕಾರ, ತಿದ್ದಲು ಬಾರದು.

ನಾನು ಬೇಕೆಂದೇ ಬೆಸೆದು ಕಳಿಸಿದೆ. ಹಳೆಯ ಪ್ರೋಗ್ರಾಮಿನಿಂದ ಬರುವುದೇ ಇಷ್ಟು ಎಂದು ಸುಳ್ಳು ಹೇಳಿದೆ. ವೃತ್ತಗಳು ಸಿಗದಿದ್ದರೆ ಅಂಗಡಿ ಮುಚ್ಚಿ ಮನೆಗೆ ಬರುತ್ತೀಯೆಂಬ ಹಾಳು ಆಸೆ ನನಗೆ.

ನೀನು ಬರಲಿಲ್ಲ. ಗಿರಾಕಿ ಕೇಳಿದಂತೆ ರೆಕ್ಕೆ ಅಗಲ ಮಾಡಲು ಕಣ್ಣಳತೆಯಲ್ಲೇ ಗೆರೆ ಎಳೆದೆಯಂತೆ. ಮೊನ್ನೆ ಬಟ್ಟೆಗೆ ಬಣ್ಣ ಹಾಕುವ ಹಾತ್ಸುಯೆ ಬಂದು, "ನಿಮ್ ಮಗಳ ಮೊದಲ್ನೇ ಗಿರಾಕೀನೇ ಕಿಮೋನೊ ವಾಪಸ್ ಕೊಟ್ರಂತಲ್ರೀ! ಮದ್ವೆ ಹುಡ್ಗಿ ತೋಳ್ ಮೇಲೆ ಗುಬ್ಬಚ್ಚಿ ಕೇಳಿದ್ರೆ ಬಾತುಕೋಳಿ ಕೂರಿಸಿದಾಳೆ ಅಂದ್ರಂತೆ" ಎಂದು ನಕ್ಕಳು. ಚಹಾ ಬಗ್ಗಿಸುತ್ತ ನಾನೂ ನಕ್ಕೆ, ಚಿಜುರು. ಅವಳು ಹೋದ ಮೇಲೆ ನೇರ ಕಂಪ್ಯೂಟರಿನ ಮುಂದೆ ಹೋಗಿ ಕೂತೆ.

ಸರಿಯಾದ ಫೈಲನ್ನು ಇವತ್ತು ಕಳಿಸಿದ್ದೇನೆ. ನಿನ್ನ ಪ್ರೋಗ್ರಾಮನ್ನೇ ಇಲ್ಲಿ ಹಾಕಿಸಿಕೊಂಡು ತೆರೆದು ನೋಡಿದೆ. ವೃತ್ತ ಸರಿಸಿದರೆ ರೆಕ್ಕೆಯೂ ಸರಿಯುತ್ತದೆ. ತಪ್ಪು ಅಮ್ಮನದೆಂದು ಆ ಮನೆಯವರಿಗೆ ಹೇಳು. ಬೇಕಿದ್ದರೆ ನಾನೇ ಬಂದು ಅವರ ಹೊಸ್ತಿಲಲ್ಲಿ ತಲೆ ಬಗ್ಗಿಸಿ ಕ್ಷಮೆ ಕೇಳುತ್ತೇನೆ. ಅಂಗಡಿ ಮಾತ್ರ ಮುಚ್ಚಬೇಡ.

ನಿನಗೆ ಮುಖ ತೋರಿಸಲಾಗದ
ಅಮ್ಮ, ಮಿತ್ಸುಯೊ

ಮ.ವಿ.: ಇನ್ನೊಂದಿದೆ, ಮೇಲೆ ಬರೆಯಲು ಕೈ ಬರಲಿಲ್ಲ. ಪ್ರೋಗ್ರಾಮಿನ ನೆಪವನ್ನು ನಂಬದೆ ನೀನು ಮತ್ತೆ ಫೋನ್ ಮಾಡಿ ಜಗಳವಾಡಿದಾಗ, ವೃತ್ತಗಳನ್ನು ಕೊಡಬೇಡವೆಂದದ್ದು ನಿನ್ನಪ್ಪ ಎಂದುಬಿಟ್ಟೆ. ಅವರು ಅಂದದ್ದು, "ಎಲ್ಲಾ ಕೊಟ್ಬಿಡೇ, ಅವಳ್ದೇ ಅಲ್ವಾ?" ಎಂದು. ಆವತ್ತಿನಿಂದ ನೀನು ಅವರ ಫೋನ್ ಎತ್ತುತ್ತಿಲ್ಲ. "ಪಾಪ, ಮಗೂಗೆ ಕೆಲ್ಸ ಜಾಸ್ತಿ" ಎನ್ನುತ್ತ ಅವರು ದಿನವೂ ಮಾಡುತ್ತಲೇ ಇದ್ದಾರೆ.