ನಲವತ್ತು ನಿಮಿಷದ ಉಪವಾಸ

ಒಂಬತ್ತನೇ ತಾರೀಕು, ಬುಧವಾರ

ಪ್ರೀತಿಯ ಅತ್ತೆಗೆ,

ಮೂರು ತಿಂಗಳಿಂದ ನಿನ್ನಿಂದ ಮುಚ್ಚಿಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ಆ ದಿನ ನಿನ್ನ ಪ್ರಯೋಗಾಲಯದಲ್ಲಿ ಎರಡನೇ ತಟ್ಟೆಯ ಜೀವಕೋಶಗಳು ಒಂದು ಗಂಟೆ ಉಪವಾಸವಿರಲಿಲ್ಲ. ನಲವತ್ತೇ ನಿಮಿಷ. ಪುಸ್ತಕದಲ್ಲಿ ಅರವತ್ತು ಎಂದು ಬರೆದವಳು ನಾನು.

ಕೋಶದ ಮೈಮೇಲಿನ ರಿಸೆಪ್ಟರನ್ನು ಗುಂಡಿಯಂತೆ ಒತ್ತುವ ಔಷಧ ಹಾಕುವ ಮೊದಲು ಅವನ್ನು ಸಕ್ಕರೆಯಿಲ್ಲದ ದ್ರವದಲ್ಲಿ ಪೂರ್ತಿ ಒಂದು ಗಂಟೆ ಇಡಬೇಕು, ಆಗಲೇ ಅವು ಇನ್ಸುಲಿನ್ ಸುರಿಸುವುದನ್ನು ಕಡಿಮೆ ಮಾಡಿ ಸುಮ್ಮನಾಗುವುದು ಎಂದು ನೀನು ನೂರು ಸಲ ಹೇಳಿದ್ದೆ. ಔಷಧವಿಲ್ಲದ ಮೊದಲ ತಟ್ಟೆಗೆ ಗಡಿಯಾರ ನೋಡುತ್ತಾ ಕೂತೆ. ಔಷಧದ ತಟ್ಟೆಯ ಹೊತ್ತಿಗೆ ಕಾಲು ನಿಲ್ಲಲಿಲ್ಲ. ಒಂಬತ್ತನೇ ತರಗತಿಯಲ್ಲಿ ಕೂರಲಾರದೆ ಎದ್ದು ಬಂದವಳು ಕೋಶಗಳ ಮುಂದೆ ಕೂರುತ್ತೇನೆಯೇ?

ಸಂಜೆ ಔಷಧದ ತಟ್ಟೆಯ ಇನ್ಸುಲಿನ್ ಅಂಕಿ ನೋಡಿ ನೀನು, "ದುಪ್ಪಟ್ಟು ಕಣೇ! ಇಪ್ಪತ್ತೆರಡು ವರ್ಷದಿಂದ ಈ ರಿಸೆಪ್ಟರ್ ಹಿಂದೆ ಬಿದ್ದಿದೀನಿ, ಇವತ್ತು ಮಾತಾಡ್ತು!" ಎಂದು ನನ್ನ ಕೈ ಹಿಡಿದು ಗಿರಗಿರ ತಿರುಗಿಸಿದೆ. ಇನ್ನೂ ಸುಮ್ಮನಾಗದ ಕೋಶಗಳು ಸುರಿಸಿದ್ದೂ ಆ ಅಂಕಿಯಲ್ಲಿ ಸೇರಿದೆಯೆಂದು ಗೊತ್ತಿದ್ದೂ ನಿನ್ನ ಜೊತೆ ತಿರುಗಿದೆ.

ನೀನು ಪ್ರಬಂಧ ಬರೆಯಲು ಬೇರೆ ಊರಿಗೆ ಹೋದ ಮೇಲೆ, ನಿನ್ನ ಪ್ರಯೋಗಾಲಯ ನೋಡಿಕೊಳ್ಳುವ ಮೀಸೆ ಮೇಷ್ಟ್ರ ಹತ್ತಿರ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಹೊಸ ಕೋಶ ಇವೆ, ಕೂತ್ಕೋ. ಎದ್ರೆ ಕುರ್ಚಿಗೆ ಕಟ್ಟಿಹಾಕ್ತೀನಿ," ಎಂದರು. ಕೂತೆ ಅತ್ತೆ, ನಾಲ್ಕು ದಿನ. ದಿನಕ್ಕೆರಡು ತಟ್ಟೆ, ತಟ್ಟೆಗೊಂದು ಪೂರ್ತಿ ಗಂಟೆ. ಕಿಟಕಿಯ ಸರಳು ಎಣಿಸಿದೆ. ಮೇಷ್ಟ್ರ ಮೀಸೆಯಲ್ಲಿ ಇನ್ನೂ ಕಪ್ಪಗಿರುವ ಕೂದಲೂ ಎಣಿಸಿದೆ: ಹದಿನೇಳು.

ದುಪ್ಪಟ್ಟಲ್ಲ. ಕಾಲುಭಾಗ ಹೆಚ್ಚು, ಅಷ್ಟೇ. ಆದರೆ ನಾಲ್ಕು ದಿನವೂ ಹೆಚ್ಚೇ. ನಿನ್ನ ರಿಸೆಪ್ಟರ್ ಸುಳ್ಳು ಹೇಳಿಲ್ಲ, ಹೇಳಿದ್ದು ನಾನು. "ನಿಮ್ಮತ್ತೆ ಮೊದಲು ಕೂಗಾಡ್ತಾರೆ, ಆಮೇಲೆ ಕಾಲುಭಾಗಕ್ಕೂ ಕುಣೀತಾರೆ, ನೋಡ್ತಿರು," ಎನ್ನುತ್ತಾರೆ ಮೇಷ್ಟ್ರು. ಕೂಗಾಟ ನನಗಿರಲಿ. ಹದಿನೈದಕ್ಕೆ ಪ್ರಬಂಧ ಕಳಿಸುವ ಮುನ್ನ ಆ ಅಂಕಿ ಮಾತ್ರ ತಿದ್ದಿಬಿಡು.

ನಿನ್ನ
ಪಾದರಸ

ತಾ.ಕ.: ಪ್ರಬಂಧದಲ್ಲಿ ನಿನ್ನ ಹೆಸರಿನ ಕೆಳಗೆ ನನ್ನದನ್ನೂ ಹಾಕಿದ್ದೀಯಂತೆ. ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದರು. ಅದಕ್ಕೇ ಇನ್ನು ಸುಮ್ಮನಿರಲಾಗಲಿಲ್ಲ. ಹಳೆಯ ಅಂಕಿಯ ಜೊತೆ ನನ್ನ ಹೆಸರು ಬೇಡ. ಹೊಸದರ ಜೊತೆ ಹಾಕುವುದೂ ಬಿಡುವುದೂ ನಿನ್ನಿಷ್ಟ. ಫೋನಿನಲ್ಲಾದರೆ ನಿನ್ನ ದನಿ ಕೇಳಿ ಅರ್ಧ ನುಂಗಿಬಿಡುತ್ತೇನೆ. ಅಂಚೆಗೆ ಹಾಕಿ ಕಾಯುವುದು ನನ್ನಿಂದಾಗದು. ಈ ಕಾಗದವನ್ನೂ ನಾಲ್ಕು ದಿನದ ಲೆಕ್ಕವನ್ನೂ ನಾನೇ ತರುತ್ತೇನೆ. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತಿದ್ದೇನೆ.