ಗಿಡಗ ಬಂದಾಗ ಕದಲದ ಹಕ್ಕಿ

೪ ಏಪ್ರಿಲ್ ೧೯೪೮, ಮುಂಜಾನೆ
ಅಂಚಿನ ಎಳಿ ಮತ್ತ ಹರೀತು. ಮನಸು ಮಗ್ಗದಾಗಿಲ್ಲ. ತಮ್ಮ ನರಸಿಂಹುಲು ಹೊಳಿ ನಡುಗಡ್ಡಿ ಜೊಂಡಿನಾಗ ಅಡಗಿ ಕುಂತಾನ. ಮಕ್ತಲ್‌ನಾಗ ಅಂವಾ ತಿರಂಗಾ ಏರಿಸಿದಾಗಿಂದ ನಿಜಾಮನ ರಜಾಕಾರರು ಹುಡುಕಾಕ ಹತ್ಯಾರ. ಓಣಿ ಮಂದಿ ಮಾತಾಡಿಕೊಂಡೀವಿ — ಅವ್ರು ಬಂದ್ರ ಎಲ್ಲಾರೂ ಮಗ್ಗ ನಿಲ್ಲಸೋದು. ಸಪ್ಪಳ ನಿಂತ್ರ ಅಂವಾ ಆಚಿ ದಂಡಿಗಿ ಈಜಿ ಹೋಗಬೇಕು. ಮಗ್ಗ ನಡೀತಿದ್ರ ಭಯ ಇಲ್ಲ, ಅಲ್ಲೇ ಕುಂದ್ರು ಅಂತ ನಾನೇ ಹೇಳೀನಿ.

೬ ಏಪ್ರಿಲ್
ಊರಾಗ ಹೊಸಬ. ಎಂಕಪ್ಪ ಅಂತ. ಗದ್ವಾಲದಾಂವ, ಸೀರಿ ವ್ಯಾಪಾರ ಅಂತಾನ. ಒಂದು ಸೀರಿ ಮುಟ್ಟಿ ನೋಡಲಿಲ್ಲ! ಹೊಳಿ ದಂಡಿ ಮ್ಯಾಲ ದುರ್ಬೀನು ಹಿಡಕೊಂಡು ಕುಂತಾನ. ಏನ್ ನೋಡ್ತೀರಿ ಅಂದೆ.
"ಆ ಹಕ್ಕಿರೀ. ಕೊಕ್ಕು ಮ್ಯಾಲಕ ಬಾಗೈತಿ ನೋಡ್ರಿ. ಈ ಕಡೆ ಬರೋದು ಭಾಳ ಅಪರೂಪ."
ಹಕ್ಕಿ ಅಂತ ಹಕ್ಕಿ! ಯಾರ ಕಿವಿಗಿ ಹೂವಿಡ್ತಾನ...

೭ ಏಪ್ರಿಲ್, ಸಂಜೀಕ
ಇವತ್ತೂ ಅಲ್ಲೇ. ಮ್ಯಾಲ ಗಿಡಗ ಸುತ್ತತಿತ್ತು. ನನ್ನ ಮಾರಿ ನೋಡಿಕೋತ ಅಂದ —
"ಮನುಷ್ಯಾರು ಬಂದ್ರ ಈ ಹಕ್ಕಿ ಕೂಗಿ ಹಾರತೈತಿ. ಗಿಡಗ ಬಂದ್ರ ಉಸುಕಿಗಿ ಹತ್ತಿ ಕೂಡತೈತಿ, ಕದಲಂಗಿಲ್ಲ. ಗಿಡಗ ಹಿಡಿಯೋದು ಹಾರಿದ್ದನ್ನ್ರೀ, ಕುಂತದ್ದನ್ನಲ್ಲ."
ಇದನ್ಯಾಕ ನನಗ ಹೇಳಿದ? ಅವನ ಕಾಲು ಕಡ್ಡಿ, ಮೂಗು ಉದ್ದ — ಥೇಟ್ ಆ ಹಕ್ಕಿಯಂಗ. ಕಣ್ಣು ಮಾತ್ರ ಗಿಡಗಂದು. "ನಿಮಗ ಎಲ್ಲಾರ ಮ್ಯಾಲೂ ಶಕ್" ಅಂತಾಳ ಹೆಂಡ್ತಿ ಹನುಮಮ್ಮ. ಅಕಿಗೇನ್ ಗೊತ್ತು.

೮ ಏಪ್ರಿಲ್
ಮಧ್ಯಾಹ್ನ ಎಂಕಪ್ಪ ಹರಗೋಲು ಹತ್ತಿ ನಡುಗಡ್ಡಿ ಕಡೆ ಹೊಂಟ. ನಾ ಅಂದದ್ದೇ ಖರೆ ಆತು, ಇಂವಾ ರಜಾಕಾರರ ಕಡೆಯಾಂವ! ಓಣಿಗಿ ಓಡಿ ಬಂದೆ. "ನಿಲ್ಲಸ್ರೋ ಮಗ್ಗಾ!" ಎಲ್ಲಾ ನಿಂತ್ವು.
ಹಕ್ಕಿ ಕೂಗಿ ಹಾರ್ತು. ತಮ್ಮ ನೀರಿಗಿಳಿದ.
ಆಚಿ ದಂಡಿಯಿಂದ ಬಂದೂಕಿನ ಸಪ್ಪಳ.

೯ ಏಪ್ರಿಲ್
ತಮ್ಮನ ಹೆಣ ತಂದಾಂವ ಎಂಕಪ್ಪನೇ. ಮೈಯೆಲ್ಲಾ ತೊಯ್ದಿತ್ತು, ಅಳ್ತಿದ್ದ.
"ನಾನೂ ಚಳವಳಿಯಾಂವ್ರೀ. ರಜಾಕಾರರು ಆಚಿ ದಂಡ್ಯಾಗ ಹೊಂಚು ಹಾಕಿದ್ದು ದುರ್ಬೀನಿನಾಗ ಕಂಡೆ. ಕದಲಬ್ಯಾಡ ಅಂತ ಹೇಳಾಕ ಹೊಂಟಿದ್ದೆ."
"ನನಗ್ಯಾಕ ಬಿಚ್ಚಿ ಹೇಳಲಿಲ್ಲೋ ಪುಣ್ಯಾತ್ಮ?"
"ನಿಮ್ಮ ಮ್ಯಾಲ ನನಗೂ ಶಕ್ ಇತ್ರೀ."

೧೮ ಸೆಪ್ಟೆಂಬರ್
ಹಿಂದೂಸ್ತಾನದ ಫೌಜು ಬಂತಂತ. ರಜಾಕಾರರು ಓಡಿಹೋದ್ರಂತ. ಓಣಿ ತುಂಬ ಮಗ್ಗದ ಸಪ್ಪಳ. ನನ್ನದೊಂದೇ ಏಪ್ರಿಲ್‌ದಿಂದ ನಿಂತೈತಿ. ಹನುಮಮ್ಮ ಲಾಳಿ ತಂದು ಕೈಯಾಗಿಟ್ಟಳು. ಕುಂತೆ. ಒಂದು ಎಳಿ ಹಾಕಿದೆ. ಇನ್ನೊಂದು. ಸಪ್ಪಳ ಹೊಳಿ ತನಕ ಹೋಗಿರಬೇಕು.
ಕೇಳಸ್ತೇನೋ ತಮ್ಮಾ? ಮಗ್ಗ ನಡದೈತಿ. ಭಯ ಇಲ್ಲ. ಅಲ್ಲೇ ಕುಂ —