ನೋವಿಲ್ಲದ ದಿನದ ಮಾತ್ರೆ

ನೀರಿನ ಟ್ಯಾಂಕಿನ ಹಿಂದಿನ ಮನೆ
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಬಾಲಾ,

ಐವತ್ತು ದಾಟಿದವನನ್ನು ಇನ್ನೂ ಬಾಲ ಅಂತ ಕರೀತೀರಲ್ಲ ಎಂದು ನಿನ್ನ ಅತ್ತಿಗೆ ಬೈಯುತ್ತಾಳೆ. ಏನು ಮಾಡಲಿ, ನನ್ನ ಹಿಂದೆ ಬಾಲದ ಹಾಗೆ ಸುತ್ತಿದವನು ನೀನು. ಒಮ್ಮೆ ಈ ಟ್ಯಾಂಕಿನ ಮೆಟ್ಟಿಲ ಮೇಲೆ ನಿನ್ನನ್ನು ಕೂರಿಸಿ, ನಾನು ಬರೋವರೆಗೂ ಏಳಬೇಡ ಎಂದು ಹೇಳಿ ಆಟಕ್ಕೆ ಹೋಗಿ ಮರೆತೇಬಿಟ್ಟೆ. ಸಂಜೆ ಅಮ್ಮ ಬಂದು ಎತ್ತಿಕೊಂಡು ಹೋಗುವವರೆಗೂ ನೀನು ಕದಲಿರಲಿಲ್ಲ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಸುರಂಗದ ಕ್ಯಾಂಪಿಗೆಲ್ಲ ಬೇಯಿಸಿ ಬಡಿಸಿ ನೀನು ತಳ ಕೆರೆದು ತಿನ್ನುತ್ತೀಯಾ? ನಿನ್ನ ಕಾಗದ ನಿನ್ನೆ ಬಂತು, ಹನ್ನೊಂದು ದಿನ ಹಿಡಿದಿದೆ. ಉಗ್ರಾಣದಿಂದ ಅಡುಗೆಮನೆಗೆ ದಿಬ್ಬ ಹತ್ತುವಾಗ ಈಗ ಎರಡು ಸಲ ಎದೆ ಹಿಡಿದುಕೊಂಡು ಕೂರುತ್ತೇನೆ ಎಂದು ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಆ ವಿಷಯಕ್ಕೆ ಬರುತ್ತೇನೆ. ಮೊದಲು ನನ್ನ ಸುದ್ದಿ ಹೇಳಿಬಿಡುತ್ತೇನೆ.

ನನ್ನ ಸುದ್ದಿ ಚೆನ್ನಾಗಿಲ್ಲ. ಕಳೆದ ತಿಂಗಳು ಮೂರನೇ ವಾರ್ಡಿಗೆ ನೀರು ಬಿಡುವ ದೊಡ್ಡ ವಾಲ್ವ್ ತಿರುಗಿಸುವಾಗ ಎದೆ ಹಿಡಿಯಿತು, ಮತ್ತೆ ಬಿಡಲೇ ಇಲ್ಲ. ಗುಂಡಿಯ ಅಂಚಿನಲ್ಲೇ ಬಿದ್ದೆನಂತೆ. ವಾಲ್ವಿನ ಕಬ್ಬಿಣದ ಕೀಲಿಯನ್ನು ನನ್ನ ಕೈಯಿಂದ ಬಿಡಿಸಲು ಇಬ್ಬರು ಬೇಕಾಯಿತಂತೆ. ಆಮೇಲೆ ಒಂಬತ್ತು ದಿನ ಆಸ್ಪತ್ರೆ. ಹೃದಯದ ಒಂದು ಭಾಗ ಸತ್ತಿದೆ, ಅದು ತಿರುಗಿ ಬರೋದಿಲ್ಲ ಎಂದರು ಡಾಕ್ಟರಮ್ಮ. ಹಾಸಿಗೆಯಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ, ಏಳನೆಯದಕ್ಕೇ ಗೋಡೆ ಹಿಡಿಯುತ್ತೇನೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ. ಮೊನ್ನೆ ನಿನ್ನ ಅತ್ತಿಗೆ ನನ್ನ ಕೆಲಸದ ಬೂಟುಗಳನ್ನು ತೊಳೆದು ಒಣಗಿಸಿ ಅಟ್ಟದ ಮೇಲಿಟ್ಟಳು.

ಈಗ ಆ ಎದೆನೋವಿನ ಮಾತ್ರೆಯ ವಿಷಯ. ಅಪ್ಪನ ಎದೆಯೇ ನಮ್ಮಿಬ್ಬರಿಗೂ ಬಂದಿದೆ, ಡಾಕ್ಟರು ಬೇರೆಯಾದರೂ ಬರೆದುಕೊಟ್ಟ ಮಾತ್ರೆ ಒಂದೇ. ಅದರ ಚೀಟಿಯಲ್ಲಿ ಕ್ಯಾಲ್ಸಿಯಂ ತಡೆಯುವ ಮದ್ದು ಎಂದು ಓದಿ ನಾನು ದೊಡ್ಡ ಪಂಡಿತನಾದೆ. ಕ್ಯಾಲ್ಸಿಯಂ ತಡೆದರೆ ಮೂಳೆಯ ಗತಿಯೇನು? ಮೇಲಿಂದ ಪಾದ ಊದಿ ಬೂಟು ಬೇರೆ ಹತ್ತುತ್ತಿರಲಿಲ್ಲ. ಅದನ್ನಾದರೂ ಡಾಕ್ಟರಮ್ಮನಿಗೆ ಹೇಳಿದೆನಾ? ಇಲ್ಲ. ನಮ್ಮ ಕೆಲಸದ ಪದ್ಧತಿಯನ್ನೇ ಎದೆಗೂ ತಂದೆ. ಮೂವತ್ತೊಂದು ವರ್ಷ ನಾನು ಮಾಡಿದ್ದು ಅಷ್ಟೇ. ದೂರು ಬಂದ ಬೀದಿಯ ವಾಲ್ವ್ ಮುಟ್ಟು, ದೂರಿಲ್ಲದ ಬೀದಿಯ ತಂಟೆಗೆ ಹೋಗಬೇಡ. ಹಾಗೇ ನೋವು ಬಂದ ದಿನ ಮಾತ್ರೆ, ಬಾರದ ದಿನ ಇಲ್ಲ. ಹೋದ ವರ್ಷ ನೀನು ರಜೆಗೆ ಬಂದಾಗ ಜಗಲಿಯಲ್ಲಿ ಕೂತು ನಿನಗೂ ಅದನ್ನೇ ಬೋಧಿಸಿದೆ. ನೀನು ತಲೆಯಾಡಿಸಿದೆ.

ಆಸ್ಪತ್ರೆಯಲ್ಲಿ ಈ ಜಾಣತನವನ್ನು ಹೇಳಿದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. 'ಮೂಳೆಯ ಗೊಡವೆಗೇ ಇದು ಹೋಗಲ್ಲ ಯಜಮಾನ್ರೇ' ಎಂದರು. ರಕ್ತನಾಳದ ಸುತ್ತ ತೆಳ್ಳಗೆ ಸ್ನಾಯು ಇರುತ್ತದಂತೆ. ಅದು ಬಿಗಿಯಾಗಬೇಕಾದರೆ ಚೂರು ಕ್ಯಾಲ್ಸಿಯಂ ಅದರೊಳಗೆ ಹೋಗಬೇಕು. ಮಾತ್ರೆ ಆ ದಾರಿಯನ್ನು ಕಿರಿದು ಮಾಡುತ್ತದೆ, ನಾಳ ಸಡಿಲವಾಗಿ ಹೃದಯಕ್ಕೆ ರಕ್ತ ಸಲೀಸಾಗಿ ಹರಿಯುತ್ತದೆ, ಹೃದಯದ ದುಡಿತವೂ ಇಳಿಯುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಹರಿವು ಹೆಚ್ಚುತ್ತದೆ ಎನ್ನುವುದು ವಾಲ್ವ್ ತಿರುಗಿಸಿಯೇ ಮುದುಕನಾದ ನನ್ನ ತಲೆಗೆ ಹೋಗಲು ಎರಡು ದಿನ ಬೇಕಾಯಿತು ನೋಡು. ನೋವು ಬಂದ ಗಳಿಗೆಗೆ ನಾಲಿಗೆ ಕೆಳಗೆ ಇಡುವ ಪುಟ್ಟ ಮಾತ್ರೆಯೇ ಬೇರೆ. ಇದು ನೋವು ಬಾರದೇ ಇರಲೆಂದು ದಿನಾ ನುಂಗುವಂಥದ್ದು. ನೋವಿಲ್ಲದ ದಿನಗಳಿದ್ದವಲ್ಲ, ಅವು ಮಾತ್ರೆ ಕೆಲಸ ಮಾಡುತ್ತಿದ್ದ ದಿನಗಳು. ನಾಳೆಯಿಂದ ಒಂದು ದಿನವೂ ತಪ್ಪಿಸಲ್ಲ ತಾಯಿ ಎಂದು ಕೈ ಮುಗಿದೆ. ಅವರು, 'ಈಗ ನಿಮ್ಮ ಹೃದಯ ಅದನ್ನ ತಡ್ಕೊಳ್ಳಲ್ಲ' ಎಂದರು. ಸೋತ ಹೃದಯವನ್ನು ಅದು ಇನ್ನಷ್ಟು ನಿಧಾನ ಮಾಡುತ್ತದಂತೆ. ಅರ್ಥವಾದ ಮೇಲೆ ನನಗೆ ಆ ಮಾತ್ರೆಯೇ ಇಲ್ಲ.

ಹೆದರಬೇಡ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ನಿನ್ನ ಅತ್ತಿಗೆ ನಿನ್ನನ್ನು ಕೇಳಿದ್ದಾಳೆ. ನನ್ನ ಆಶೀರ್ವಾದ ಇದ್ದೇ ಇದೆ, ಅದಕ್ಕೆ ಇನ್ನೆಷ್ಟು ಬಲ ಉಳಿದಿದೆಯೋ ಕಾಣೆ.

ನಿನ್ನ
ಅಣ್ಣ

ತಾ.ಕ.: ಬಾಲಾ, ಸುತ್ತಿ ಬಳಸಿ ಬರೆದೆ, ಹೇಳಬೇಕಾದ್ದನ್ನು ಹೇಳಲಿಲ್ಲ. ನಿನ್ನ ಕಾಗದದ ಕೊನೆಯ ಸಾಲು ನನ್ನನ್ನು ಕೊಲ್ಲುತ್ತಿದೆ: 'ನೀನು ಹೇಳಿದ ಹಾಗೇ ನಡೀತಿದ್ದೀನಿ ಅಣ್ಣ, ಮಾತ್ರೆ ಡಬ್ಬಿ ಟ್ರಂಕಿನ ತಳ ಸೇರಿದೆ.' ಆಸ್ಪತ್ರೆಯಿಂದ ಬಂದ ದಿನವೇ ಬರೆಯಬೇಕಿತ್ತು. ನಿನ್ನೆದುರು ಸಣ್ಣವನಾಗಲು ನಾಚಿಕೆಯಾಗಿ ಹದಿನೈದು ದಿನ ಕಳೆದೆ. ನಿನ್ನೆಯಿಂದ ಕ್ಯಾಂಪಿಗೆ ಆರು ಸಲ ಫೋನ್ ಮಾಡಿಸಿದೆ, ಗುಡ್ಡದ ಮಣ್ಣು ಕುಸಿದ ಮೇಲೆ ಅಲ್ಲಿ ಫೋನಿನ ತಂತಿಯೇ ಇಲ್ಲವಂತೆ. ಇನ್ನು ಈ ಕಾಗದಕ್ಕೆ ಹನ್ನೊಂದು ದಿನ, ದಿನಕ್ಕೆ ಎಷ್ಟು ಸಲ ಆ ದಿಬ್ಬ ಹತ್ತುತ್ತೀಯೋ. ಇದು ನಿನ್ನ ಕೈಗೇ ಸಿಕ್ಕಿದರೆ ಓದಿದ ಜಾಗದಲ್ಲೇ ಕೂತುಕೋ. ಯಾರನ್ನಾದರೂ ಕಳಿಸಿ ಕ್ಯಾಂಪಿನ ಡಾಕ್ಟರನ್ನು ಅಲ್ಲಿಗೇ ಕರೆಸು, ಮಾತ್ರೆ ಬಿಟ್ಟಿದ್ದನ್ನು ಮುಚ್ಚಿಡದೆ ಹೇಳು. ಅಣ್ಣ ಬರಲಿ, ಅಣ್ಣನನ್ನು ಕೇಳಿ ಮಾಡೋಣ ಎಂದು ಮಾತ್ರ ಕೂರಬೇಡ. ಈ ಸಲವೂ ನಾನು ಬರುವುದಿಲ್ಲ ಕಣೋ.